ಬಾಲ್ಯದ ಹಸಿವು, ಇಂದಿನ ತೂಕ

(ರೋಗಿಗಳು ಮತ್ತು ಅವರ ಸಂಬಂಧಿಕರಿಗಾಗಿ ಆಸ್ಪತ್ರೆಯ ಪ್ರಾಂಗಣದಲ್ಲಿ ನಡೆದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ನರ್ಸಿಂಗ್ ಬೋಧಕಿಯೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಡಾಕ್ಟರಲ್ಲ. ಡಿಪ್ಲೊಮಾ ಓದಿ, ವಾರ್ಡಿನಲ್ಲಿ ಕೆಲಸ ಮಾಡಿ, ಈಗ ಹುಡುಗಿಯರಿಗೆ ನರ್ಸಿಂಗ್ ಕಲಿಸುವವಳು. ಆದ್ದರಿಂದ ದೊಡ್ಡ ಮಾತು ಬೇಡ, ನಾವು ದಿನಾ ತೂಕದ ಯಂತ್ರದ ಹತ್ತಿರ ನೋಡುವ ವಿಷಯವನ್ನೇ ಮಾತಾಡೋಣ.

ನಮ್ಮ ಸೊರಬ ತಾಲ್ಲೂಕಿನ ಹೆಸರು ವೈದ್ಯಕೀಯ ಪುಸ್ತಕಗಳಲ್ಲಿದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೆ ಜ್ವರ ಬಂದಾಗ ಪತ್ತೆಯಾದ ಕಾಯಿಲೆಗೆ ಜಗತ್ತೆಲ್ಲ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರು. ನಮ್ಮ ಬಾಯಲ್ಲಿ ಅದು ಮಂಗನ ಕಾಯಿಲೆ. ಅದು ಉಣ್ಣೆಯಿಂದ ಬರುತ್ತದೆ, ಕೆಲವೇ ದಿನಗಳಲ್ಲಿ ಜ್ವರವಾಗಿ ಕಾಣಿಸಿಕೊಳ್ಳುತ್ತದೆ. ಇವತ್ತು ನಾನು ಹೇಳುವ ತೊಂದರೆ ಹಾಗಲ್ಲ. ಅದು ತಾಯಿಯ ಹೊಟ್ಟೆಯಲ್ಲಿ ಅಥವಾ ತೊಟ್ಟಿಲಲ್ಲಿ ಶುರುವಾಗಿ, ನಲವತ್ತು ಐವತ್ತು ವರ್ಷ ಕಳೆದ ಮೇಲೆ ಸೊಂಟದ ಸುತ್ತಳತೆಯಾಗಿ, ಸಕ್ಕರೆ ಕಾಯಿಲೆಯಾಗಿ, ಬಿ.ಪಿ.ಯಾಗಿ ಹೊರಗೆ ಬರುತ್ತದೆ.

ನನಗೆ ಪಾಠ ಕಲಿಸಿದ ತಾಯಿ

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಾನು ವಿದ್ಯಾರ್ಥಿನಿಯಾಗಿದ್ದಾಗ, ಬೇರೊಂದು ಊರಿನಲ್ಲಿ, ವಾರ್ಡಿಗೆ ಒಬ್ಬ ತಾಯಿ ದಾಖಲಾಗಿದ್ದರು. ಐವತ್ತು ದಾಟಿದ ವಯಸ್ಸು. ಎತ್ತರ 145 ಸೆಂಟಿಮೀಟರ್, ತೂಕ 78 ಕಿಲೋ. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯುತ್ತಿರಲಿಲ್ಲ. ತೂಕ ಬರೆದುಕೊಳ್ಳುತ್ತಾ ನಾನು, ಎಲ್ಲರೂ ಕೇಳುವ ಹಾಗೆ, "ಅಮ್ಮಾ, ಬಾಯಿ ಸ್ವಲ್ಪ ಕಟ್ಟಬೇಕು. ತಿಂದೂ ತಿಂದೂ ಹೀಗಾಗಿದೆ" ಅಂದೆ. ಪಕ್ಕದ ಹಾಸಿಗೆಯವರು ನಕ್ಕರು.

ಆ ತಾಯಿ ಆಗ ಏನೂ ಅನ್ನಲಿಲ್ಲ. ಸಂಜೆ ಗಾಯಕ್ಕೆ ಪಟ್ಟಿ ಕಟ್ಟುವಾಗ ಮೆಲ್ಲಗೆ ಹೇಳಿದರು: "ತಂಗೀ, ನಾನು ಉಂಡು ಬೆಳೆದವಳಲ್ಲ. ನಮ್ಮವ್ವ ಕೂಲಿಗೆ ಹೋಗ್ತಿದ್ಲು. ಮಳೆಗಾಲದಾಗೆ ಕೂಲಿ ಇಲ್ದಾಗ ಗಂಜಿ ತಿಳಿ ಕುಡಿದು ಮಲಗಿದ್ದೇ ಜಾಸ್ತಿ. ಅಣ್ಣಂದಿರು ಉಂಡ ಮೇಲೆ ಉಳಿದ್ರೆ ನಂಗೆ. ಮದುವೆಯಾಗಿ ಎರಡು ಹೊತ್ತು ಅನ್ನ ಕಂಡೆ. ಆವಾಗಿಂದ ಮೈ ಏರಿದ್ದು ಇಳಿದೇ ಇಲ್ಲ. ನಾ ಏನು ಮಾಡ್ಲಿ ಹೇಳು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಸಿದು ಬೆಳೆದವರು ಸಣಕಲಾಗಿರಬೇಕಲ್ಲ, ದಪ್ಪ ಹೇಗಾದರು ಎಂಬುದು ನನಗೆ ಅರ್ಥವಾಗಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಅದು ನಮ್ಮ ಮೈಸೂರಿನಲ್ಲೇ ಸಿಕ್ಕಿತು.

ಮೈಸೂರಿನ ದಾದಿಯರು ಬರೆದಿಟ್ಟ ಅಂಕಿ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಜನ ಮಿಷನ್ ಆಸ್ಪತ್ರೆ ಅನ್ನುತ್ತಾರೆ. ಅಲ್ಲಿ 1934ರಿಂದ ಹೆರಿಗೆ ಮಾಡಿಸುತ್ತಿದ್ದ ದಾದಿಯರು ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಈ ಮೂರನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮುಂದೆ ಇದರಿಂದ ಏನಾದೀತೆಂದು ಅವರಿಗೆ ಗೊತ್ತಿರಲಿಲ್ಲ. ಕೆಲಸ ಅಚ್ಚುಕಟ್ಟಾಗಿ ಮಾಡಿದರು, ಅಷ್ಟೇ.

ಸುಮಾರು ಅರವತ್ತು ವರ್ಷದ ನಂತರ ಆ ಆಸ್ಪತ್ರೆಯವರೂ ಇಂಗ್ಲೆಂಡಿನ ಸೌತಾಂಪ್ಟನ್‌ನ ವಿಜ್ಞಾನಿಗಳೂ ಸೇರಿ ಆ ಪುಸ್ತಕಗಳನ್ನು ತೆಗೆದರು. ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆ ಹುಡುಕಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಪರೀಕ್ಷೆ ಮಾಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಸಣ್ಣದಾಗಿದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದು, ತಾಯಿಯೂ ಗರ್ಭಿಣಿಯಾಗಿದ್ದಾಗ 45 ಕಿಲೋಗಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 20 ಜನರಿಗೆ ಆ ಕಾಯಿಲೆ ಇತ್ತು. ತಾಯಿಯ ಹಸಿವು ಮಗುವಿನ ಹೃದಯದವರೆಗೆ ಹೋಗಿತ್ತು.

ಆದರೆ ಸಕ್ಕರೆ ಕಾಯಿಲೆಯ ಕಥೆ ಬೇರೆಯಾಗಿತ್ತು. 1998ರಲ್ಲಿ ಅವರೇ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟುವಾಗ ಉದ್ದ ಕಡಿಮೆ ಇದ್ದು ಮೈ ಗುಂಡಾಗಿದ್ದವರಲ್ಲಿ, ಮತ್ತು ತಾಯಿಯ ತೂಕ ಹೆಚ್ಚಿದ್ದವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ ಕಂಡಿತು. ಹಾಗಾದರೆ ಹೊಟ್ಟೆಯಲ್ಲಿರುವಾಗ ಕೊರತೆಯೂ ತೊಂದರೆ, ಅಳತೆ ಮೀರಿದ ಸಕ್ಕರೆಯೂ ತೊಂದರೆ ಎಂದಾಯಿತು. ಇದನ್ನು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ಸಣಕಲು ಮಗುವಿನೊಳಗೆ ಕೊಬ್ಬು ಎಲ್ಲಿಂದ?

ಮನೆಯಲ್ಲಿ ಅಕ್ಕಿ ಕಡಿಮೆ ಇದ್ದಾಗ ಬುದ್ಧಿವಂತ ಗೃಹಿಣಿ ಏನು ಮಾಡುತ್ತಾಳೆ? ಮುಖ್ಯವಾದದ್ದಕ್ಕೆ ಮೊದಲು ಇಡುತ್ತಾಳೆ, ಉಳಿದದ್ದನ್ನು ಕಡಿಮೆ ಮಾಡುತ್ತಾಳೆ, ನಾಳೆಗೆ ಇರಲಿ ಎಂದು ಒಂದು ಹಿಡಿ ಎತ್ತಿಡುತ್ತಾಳೆ. ಗರ್ಭದಲ್ಲಿರುವ ಶಿಶುವಿನ ದೇಹವೂ ಹಾಗೇ ಮಾಡುತ್ತದೆ. ಆಹಾರ ಕಡಿಮೆ ಬಂದಾಗ ಮೆದುಳನ್ನು ಮೊದಲು ಕಾಪಾಡುತ್ತದೆ. ಸ್ನಾಯು, ಮೂತ್ರಪಿಂಡ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ಇವುಗಳ ಪಾಲು ಕಡಿಮೆಯಾಗುತ್ತದೆ. ಕೊಬ್ಬನ್ನು ಮಾತ್ರ ಎತ್ತಿಡುತ್ತದೆ.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಇದನ್ನು ಅಳೆದು ತೋರಿಸಿತು. ಪುಣೆ ಹತ್ತಿರದ ಹಳ್ಳಿಗಳ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಶಿಶುಗಳದ್ದು 3.5 ಕಿಲೋ. ನಮ್ಮ ಶಿಶುಗಳಲ್ಲಿ ಸ್ನಾಯು ಬಹಳ ಕಡಿಮೆ, ಆದರೆ ಚರ್ಮದ ಕೆಳಗಿನ ಕೊಬ್ಬು ಅಷ್ಟೇನೂ ಕಡಿಮೆ ಇರಲಿಲ್ಲ. ಹೊರಗೆ ಸಣಕಲು, ಒಳಗೆ ಕೊಬ್ಬು.

ನಾವು ತಿಂದ ಸಕ್ಕರೆಯನ್ನು ಹೆಚ್ಚಾಗಿ ಬಳಸಿಕೊಳ್ಳುವುದು ಸ್ನಾಯು. ಸ್ನಾಯು ಕಡಿಮೆ ಇದ್ದರೆ ಅದೇ ಎರಡು ರೊಟ್ಟಿಯಲ್ಲಿ ಹೆಚ್ಚು ಪಾಲು ಕೊಬ್ಬಾಗಿ ಉಳಿಯುತ್ತದೆ. 2000ರಲ್ಲಿ ಬ್ರೆಜಿಲ್ ದೇಶದ ಸಾವೊ ಪಾಲೊ ನಗರದ ಕೊಳೆಗೇರಿ ಮಕ್ಕಳ ಒಂದು ಅಧ್ಯಯನ ಬಂತು. ಪೌಷ್ಟಿಕ ಆಹಾರವಿಲ್ಲದೆ ಎತ್ತರ ಕುಂಠಿತವಾದ ಮಕ್ಕಳ ದೇಹ ಇತರ ಮಕ್ಕಳಷ್ಟು ಕೊಬ್ಬನ್ನು ಸುಡುತ್ತಿರಲಿಲ್ಲ ಎಂದು ಅದರಲ್ಲಿ ಕಂಡಿತು. ನನ್ನ ವಾರ್ಡಿನ ಆ ತಾಯಿಯ 145 ಸೆಂಟಿಮೀಟರ್ ಎತ್ತರವನ್ನು ನಾನು ಬರೆದುಕೊಂಡಿದ್ದೆ. ಆದರೆ ಓದಿರಲಿಲ್ಲ. ಆ ಎತ್ತರದಲ್ಲಿಯೇ ಆಕೆಯ ಬಾಲ್ಯ ಬರೆದಿತ್ತು.

ಬರಗಾಲದ ಪಾಠ

ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ ಹಾಲೆಂಡ್ ದೇಶದಲ್ಲಿ ಭೀಕರ ಕ್ಷಾಮ ಬಂತು. ಆಗ ಗರ್ಭದಲ್ಲಿದ್ದ ಗಂಡುಮಕ್ಕಳು 19 ವರ್ಷದವರಾಗಿ ಸೈನ್ಯದ ತಪಾಸಣೆಗೆ ಬಂದಾಗಿನ ದಾಖಲೆಗಳನ್ನು ಪರಿಶೀಲಿಸಿದರು. ಒಟ್ಟು ಸುಮಾರು 3 ಲಕ್ಷ ಯುವಕರ ದಾಖಲೆ. 1976ರಲ್ಲಿ ಫಲಿತಾಂಶ ಬಂತು. ಗರ್ಭದ ಮೊದಲ ಅರ್ಧದಲ್ಲಿ ಕ್ಷಾಮ ಕಂಡವರಲ್ಲಿ ಬೊಜ್ಜು ಹೆಚ್ಚಿತ್ತು. ಗರ್ಭದ ಕೊನೆಯ ತಿಂಗಳುಗಳಲ್ಲಿ ಮತ್ತು ಹುಟ್ಟಿದ ಹೊಸದರಲ್ಲಿ ಕ್ಷಾಮ ಕಂಡವರಲ್ಲಿ ಬೊಜ್ಜು ಕಡಿಮೆಯಿತ್ತು. ಹಸಿವು ಯಾವಾಗ ಬಂತು ಎಂಬುದೂ ಮುಖ್ಯ ಎಂದು ಇದರಿಂದ ತಿಳಿಯಿತು.

ನಮ್ಮ ದೆಹಲಿಯಲ್ಲೂ ಹುಟ್ಟಿದಾಗಿನಿಂದ ಮಕ್ಕಳನ್ನು ಅಳೆಯುತ್ತಾ ಬಂದು, 1,492 ಜನರನ್ನು 26ರಿಂದ 32ನೇ ವಯಸ್ಸಿನಲ್ಲಿ ಪರೀಕ್ಷಿಸಿದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಸಕ್ಕರೆ ಕಾಯಿಲೆ ಅಥವಾ ಅದರ ಮುನ್ಸೂಚನೆ ಬಂದವರು ಎರಡು ವರ್ಷದವರೆಗೆ ತೆಳ್ಳಗಿದ್ದ ಮಕ್ಕಳು. ಆಮೇಲೆ ಬೇರೆ ಮಕ್ಕಳಿಗಿಂತ ಬೇಗನೆ ಮೈ ತುಂಬಿಕೊಳ್ಳಲು ಶುರುಮಾಡಿ, ವೇಗವಾಗಿ ಏರಿದವರು. ವಿಶೇಷವೆಂದರೆ ಬಾಲ್ಯದಲ್ಲಿ ಅವರಲ್ಲಿ ಹೆಚ್ಚಿನವರು ನೋಡುವ ಕಣ್ಣಿಗೆ ದಪ್ಪ ಮಕ್ಕಳೇ ಆಗಿರಲಿಲ್ಲ. ತೊಂದರೆ ಇದ್ದದ್ದು ಏರಿದ ವೇಗದಲ್ಲಿ.

ಹಸಿವೊಂದೇ ಅಲ್ಲ, ಹೆದರಿಕೆಯೂ

ಬಾಲ್ಯದ ಕಷ್ಟ ಅಂದರೆ ಊಟದ ಕೊರತೆ ಒಂದೇ ಅಲ್ಲ. ದಿನಾ ಕುಡಿದು ಬರುವ ತಂದೆ, ಏಟು ತಿನ್ನುವ ತಾಯಿ, ಬೈಗುಳ, ಯಾರಿಗೂ ಹೇಳಲಾಗದ ಕೆಟ್ಟ ಸ್ಪರ್ಶ ಇವೂ ಕಷ್ಟವೇ.

ಅಮೆರಿಕದಲ್ಲಿ ಡಾ. ವಿನ್ಸೆಂಟ್ ಫೆಲಿಟ್ಟಿ ಎಂಬುವರು 1980ರ ದಶಕದಲ್ಲಿ ಬೊಜ್ಜು ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ನಡುವೆ ಬಿಟ್ಟುಹೋಗುತ್ತಿದ್ದರು. ಕಾರಣ ಕೇಳಿದಾಗ ಎಷ್ಟೋ ಜನ ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದವರೆಂದು ತಿಳಿಯಿತು. ಅವರೂ ಡಾ. ರಾಬರ್ಟ್ ಆಂಡಾ ಅವರೂ ಸಾವಿರಾರು ಜನರನ್ನು ಕೇಳಿ 1998ರಲ್ಲಿ ವರದಿ ಪ್ರಕಟಿಸಿದರು. ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ತೀವ್ರ ಬೊಜ್ಜು, ಹೃದಯದ ಕಾಯಿಲೆ, ಕುಡಿತ, ಖಿನ್ನತೆ ಎಲ್ಲವೂ ಹೆಚ್ಚು ಕಂಡುಬಂದವು.

ಇದಕ್ಕೆ ದೇಹದಲ್ಲಿ ದಾರಿ ಇದೆ. ಹೆದರಿದಾಗ ಕಾರ್ಟಿಸೋಲ್ ಎಂಬ ಹಾರ್ಮೋನ್ ಏರುತ್ತದೆ. ಒಂದು ದಿನ ಏರಿ ಇಳಿದರೆ ತೊಂದರೆಯಿಲ್ಲ. ವರ್ಷಗಟ್ಟಲೆ ಹೆದರಿಕೆಯಲ್ಲೇ ಇದ್ದರೆ ನಿದ್ದೆ ಕೆಡುತ್ತದೆ, ಸಿಹಿ ಮತ್ತು ಕರಿದ ತಿಂಡಿಯ ಆಸೆ ಹೆಚ್ಚುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ದುಃಖವಾದಾಗ ತಿನ್ನುವುದು ಎಷ್ಟೋ ಜನರಿಗೆ ಸಿಕ್ಕ ಒಂದೇ ಸಮಾಧಾನ. ಅಂಥವರಿಗೆ "ಬಾಯಿ ಕಟ್ಟು" ಅನ್ನುವುದರಿಂದ ಉಪಯೋಗವಿಲ್ಲ.

ನಮ್ಮ ರಾಜ್ಯದ ಎರಡು ಮುಖ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ 30 ಮಹಿಳೆಯರು, 31 ಪುರುಷರು ಅಧಿಕ ತೂಕದವರು. ಇವರು ಬೇರೆ ಬೇರೆ ಮನೆಯವರೇ ಅಂದುಕೊಳ್ಳಬೇಡಿ. ಒಂದೇ ಮನೆಯಲ್ಲಿ ಮೈ ಬಂದ ಅಜ್ಜಿಯೂ ಕುಳ್ಳಗಾದ ಮೊಮ್ಮಗುವೂ ಇರುತ್ತಾರೆ. ಇನ್ನು ನಲವತ್ತು ವರ್ಷಕ್ಕೆ ಆ ಮಗುವೇ ಆ ಅಜ್ಜಿಯ ಹಾಗೆ ಇದೇ ಬೆಂಚಿನ ಮೇಲೆ ಕುಳಿತಿರಬಾರದು. ನನ್ನ ಇವತ್ತಿನ ಮಾತಿನ ಉದ್ದೇಶ ಅದೇ.

ಸಾವಿರ ದಿನದ ಕಾಳಜಿ

ಗರ್ಭದ 270 ದಿನ, ಮೊದಲ ವರ್ಷದ 365, ಎರಡನೇ ವರ್ಷದ 365. ಕೂಡಿದರೆ ಒಂದು ಸಾವಿರ. ಈ ಸಾವಿರ ದಿನ ಮನೆಯವರೆಲ್ಲ ಸೇರಿ ಕಾಯಬೇಕು.

1. ಹೆಣ್ಣುಮಗುವಿನ ತಟ್ಟೆಯಿಂದಲೇ ಶುರುಮಾಡಿ. ಇವತ್ತಿನ ಹುಡುಗಿ ನಾಳಿನ ತಾಯಿ. ಗಂಡಸರು ಉಂಡ ಮೇಲೆ ಉಳಿದದ್ದು ಹೆಣ್ಣಿಗೆ ಎಂಬ ಪದ್ಧತಿ ಬಿಡಿ. 18 ತುಂಬುವ ಮೊದಲು ಮದುವೆ ಬೇಡವೇ ಬೇಡ.

2. ಗರ್ಭಿಣಿ ಎಂದು ತಿಳಿದ ಕೂಡಲೇ ಹೆಸರು ನೋಂದಾಯಿಸಿ, ತಾಯಿ ಕಾರ್ಡ್ ಮಾಡಿಸಿ. ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡಿ. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಡಿ. ಮಗು ದೊಡ್ಡದಾದರೆ ಹೆರಿಗೆ ಕಷ್ಟ ಎಂದು ಊಟ ಕಡಿಮೆ ಮಾಡುವುದು ದೊಡ್ಡ ತಪ್ಪು.

3. ಗರ್ಭಿಣಿಗೆ ಸಕ್ಕರೆ ಪರೀಕ್ಷೆ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಆಗಬೇಕು. ಆಗ ನೆನಪಿಡಿ ಅಂದೆನಲ್ಲ, ಇದಕ್ಕೇ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೇ ವಯಸ್ಸಿಗೇ ಕೊಬ್ಬು ಹೆಚ್ಚಿರುವುದನ್ನು ಮೈಸೂರಿನ ಅದೇ ಆಸ್ಪತ್ರೆಯ ಮುಂದಿನ ಅಧ್ಯಯನ ತೋರಿಸಿದೆ.

4. ಗರ್ಭಿಣಿ ಎಲೆಅಡಿಕೆ, ತಂಬಾಕು ಹಾಕಬಾರದು. ಅಡಿಕೆ ನಮ್ಮ ಬೆಳೆ, ನಮ್ಮ ಅನ್ನ, ನಿಜ. ಆದರೆ ಅದು ಹೊಟ್ಟೆಯ ಮಗುವಿನ ತೂಕ ಕಡಿಮೆ ಮಾಡುತ್ತದೆ. ಸೌದೆ ಒಲೆಯ ಹೊಗೆಯೂ, ಗಂಡನ ಬೀಡಿಯ ಹೊಗೆಯೂ ಹಾಗೆಯೇ.

5. ಆರು ತಿಂಗಳು ತಾಯಿಹಾಲು ಮಾತ್ರ. ಜೇನು, ಸಕ್ಕರೆ ನೀರು, ಡಬ್ಬಿ ಹಾಲು ಬೇಡ. ಆರು ತುಂಬಿದ ಮೇಲೆ ತಾಯಿಹಾಲಿನ ಜೊತೆಗೆ ಮೊಳಕೆ ರಾಗಿಯ ಸರಿ, ಹೆಸರುಬೇಳೆ ಹಾಕಿದ ಮೆತ್ತನೆ ಅನ್ನ, ಮೊಸರು, ಬಾಳೆಹಣ್ಣು, ಹಿತ್ತಲ ನುಗ್ಗೆ, ಹರಿವೆ ಸೊಪ್ಪು ಕೊಡಿ. ತಿನ್ನುವವರಾದರೆ ಮೊಟ್ಟೆ, ಮೀನು ಕೊಡಿ. ಬರೀ ಗಂಜಿ ತಿಳಿಯಿಂದ ಹೊಟ್ಟೆ ತುಂಬುತ್ತದೆ, ಸ್ನಾಯು ಬೆಳೆಯುವುದಿಲ್ಲ.

6. ಅಳುವ ಮಗುವಿಗೆ ಬಿಸ್ಕತ್ತು, ಕುರುಕಲು ಪೊಟ್ಟಣ ಕೊಟ್ಟು ಸುಮ್ಮನಾಗಿಸಬೇಡಿ. ಸಣಕಲು ಮಗುವನ್ನು ಎರಡೇ ತಿಂಗಳಲ್ಲಿ ಗುಂಡಾಗಿಸಲು ಹೋಗಬೇಡಿ. ಅಂಗನವಾಡಿಯಲ್ಲಿ ತೂಕದ ಜೊತೆಗೆ ಎತ್ತರವನ್ನೂ ಅಳೆಸಿ. ಎರಡೂ ಜೊತೆಜೊತೆಗೆ ಏರಬೇಕು.

ಇದೆಲ್ಲ ಬಡವರಿಗೆ ಆಗುವುದೇ ಎಂದು ಕೇಳಬಹುದು. ಅಂಗನವಾಡಿ ಯೋಜನೆ ನಮ್ಮ ರಾಜ್ಯದಲ್ಲಿ 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಶುರುವಾಯಿತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಬಂತು. ಇದು ಭಿಕ್ಷೆಯಲ್ಲ, ನಿಮ್ಮ ಹಕ್ಕು. ಸಂಕೋಚ ಬೇಡ, ಹೋಗಿ ಉಣ್ಣಿ. ಸೊಸೆಯನ್ನು ಕಳಿಸಲು ಅತ್ತೆಯವರು ಮನಸ್ಸು ಮಾಡಿ.

ಸಭಿಕರು ಕೇಳಿದ ಪ್ರಶ್ನೆಗಳು

ಪ್ರಶ್ನೆ: ನನ್ನ ಬಾಲ್ಯ ಕಳೆದುಹೋಯಿತು. ಇನ್ನು ಏನು ಮಾಡಿಯೂ ಪ್ರಯೋಜನ ಇಲ್ಲವೇ?

ಉತ್ತರ: ಖಂಡಿತ ಇದೆ. ಬಾಲ್ಯದ ಕಷ್ಟ ಅಪಾಯವನ್ನು ಹೆಚ್ಚಿಸುತ್ತದೆಯೇ ಹೊರತು ಹಣೆಬರಹ ಬರೆಯುವುದಿಲ್ಲ. ಹಸಿದು ಬೆಳೆದವರೆಲ್ಲ ದಪ್ಪ ಆಗುವುದಿಲ್ಲ, ದಪ್ಪ ಇರುವವರೆಲ್ಲ ಹಸಿದು ಬೆಳೆದವರೂ ಅಲ್ಲ. 78 ಕಿಲೋ ಇರುವವರು 50 ಕಿಲೋಗೆ ಇಳಿಯಬೇಕಿಲ್ಲ. ತೂಕದಲ್ಲಿ ನೂರಕ್ಕೆ ಐದು ಭಾಗ, ಅಂದರೆ ಸುಮಾರು ನಾಲ್ಕು ಕಿಲೋ ಇಳಿದರೂ ಸಕ್ಕರೆ, ಬಿ.ಪಿ. ಹತೋಟಿಗೆ ಸಹಾಯ. ವಾರಕ್ಕೆ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ದಿನಾ ಹತ್ತು ಸಲ ಮಾಡಿ, ಬಾಲ್ಯದಲ್ಲಿ ಸಿಗದ ಸ್ನಾಯುವನ್ನು ಈಗಲಾದರೂ ಕಟ್ಟಿಕೊಳ್ಳಿ. ತಟ್ಟೆಯಲ್ಲಿ ಅನ್ನ ಸ್ವಲ್ಪ ಇಳಿಸಿ, ಹುರುಳಿ, ಅಲಸಂದೆ, ಸೊಪ್ಪಿನ ಪಲ್ಯ ಏರಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬಾರದು.

ಪ್ರಶ್ನೆ: ನಾನು ತೆಳ್ಳಗೇ ಇದ್ದೇನೆ. ನನಗೆ ಚಿಂತೆ ಇಲ್ಲ ತಾನೇ?

ಉತ್ತರ: ಹಾಗೆ ಹೇಳಲಾಗದು. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ ಭಾರತೀಯರಿಗೆ 23 ದಾಟಿದರೆ ಎಚ್ಚರಿಕೆ, 25 ದಾಟಿದರೆ ಬೊಜ್ಜು. ಅದರ ಜೊತೆಗೆ ಸೊಂಟಕ್ಕೆ ಟೇಪು ಹಿಡಿಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಇದ್ದವರು ಸಕ್ಕರೆ, ಬಿ.ಪಿ. ಪರೀಕ್ಷೆ ಮಾಡಿಸಿ.

ಪ್ರಶ್ನೆ: ಹಾಗಾದರೆ ಇದು ನಮ್ಮ ತಾಯಿಯ ತಪ್ಪೇ?

ಉತ್ತರ: ಅಲ್ಲ. ತಾಯಿಗೂ ಯಾರೂ ಬಡಿಸಿರಲಿಲ್ಲ. ತನ್ನ ಪಾಲನ್ನೂ ಮಕ್ಕಳಿಗೆ ಹಾಕಿದವಳನ್ನು ದೂರಿದರೆ ಅದು ನ್ಯಾಯವಲ್ಲ. ಇದು ಬಡತನದ, ಬರದ, ಹೆಣ್ಣನ್ನು ಕೊನೆಗೆ ಕೂರಿಸಿದ ಪದ್ಧತಿಯ ತಪ್ಪು.

ಮನೆಯಲ್ಲಿ ಮಕ್ಕಳಿಗೆ ಹಿಂಸೆ ಆಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ, ಮನಸ್ಸಿನ ನೋವು ತಡೆಯಲಾಗದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ನಮ್ಮ ಸಿಸ್ಟರ್‌ಗಳ ಹತ್ತಿರವೂ ಹೇಳಿಕೊಳ್ಳಬಹುದು. ಹೇಳಿದ್ದು ಪಕ್ಕದ ಹಾಸಿಗೆಗೆ ಹೋಗುವುದಿಲ್ಲ.

ಕೊನೆಯ ಮಾತು

ಆ ತಾಯಿ ಬಿಡುಗಡೆಯಾಗುವ ದಿನ ನಾನು ಕ್ಷಮೆ ಕೇಳಿದೆ. "ನೀ ಸಣ್ಣವಳು, ನಿಂಗೇನು ಗೊತ್ತು ಬಿಡು" ಅಂದು ತಲೆ ಸವರಿದರು. ಈಗ ನನ್ನ ವಿದ್ಯಾರ್ಥಿನಿಯರಿಗೆ ಮೊದಲ ದಿನ ಒಂದು ನಿಯಮ ಹೇಳುತ್ತೇನೆ. ತೂಕವನ್ನು ಗಟ್ಟಿಯಾಗಿ ಓದಬೇಡಿ. ತೂಕ ಬರೆಯುವ ಮುಂಚೆ, "ಚಿಕ್ಕಂದಿನಲ್ಲಿ ಊಟಕ್ಕೆ ತೊಂದರೆ ಇತ್ತೇನಮ್ಮಾ?" ಎಂದು ಮೆಲ್ಲಗೆ ಒಮ್ಮೆ ಕೇಳಿ.

ತಮ್ಮಲ್ಲೂ ನನ್ನ ಕೋರಿಕೆ ಇಷ್ಟೇ. ಮನೆಯಲ್ಲಿ ದಪ್ಪ ಇರುವವರನ್ನು ಹಂಗಿಸಬೇಡಿ, ಅವರ ಜೊತೆ ನಡೆಯಲು ಹೋಗಿ. ಇವತ್ತು ರಾತ್ರಿ ಊಟಕ್ಕೆ ಕೂರುವಾಗ ಬಸುರಿ ಸೊಸೆಯನ್ನೂ ಸಣ್ಣ ಮೊಮ್ಮಗಳನ್ನೂ ಮೊದಲ ಪಂಕ್ತಿಯಲ್ಲಿ ಕೂರಿಸಿ ಬಡಿಸಿ. ಔಷಧಿ ಅಂಗಡಿಯಲ್ಲಿ ಸಿಗದ ಮದ್ದು ಅದು, ಖರ್ಚೂ ಇಲ್ಲ.

ತಮ್ಮ ಚೀಟಿಯ ನಂಬರ್ ಕೂಗುತ್ತಿದ್ದಾರೆ, ಇಲ್ಲಿಗೆ ಮುಗಿಸುತ್ತೇನೆ. ಎಲ್ಲರೂ ಬೇಗ ಗುಣವಾಗಿ ಮನೆಗೆ ಹೋಗುವಂತಾಗಲಿ.